ವೋಟಿವ್ ಕ್ಯಾಂಡಲ್ ಕಿಟ್: ಅಚ್ಚಿಗೆ ನಾಲ್ಕು ಸ್ಟಾರ್, ಮೇಣದ ಅಳತೆಗೆ ಒಂದೇ

ಹರಿಹರದ ಆರೋಗ್ಯ ಮಾತೆಯ ಹಬ್ಬ ಸೆಪ್ಟೆಂಬರ್ 8ಕ್ಕೆ. ಅಲ್ಲಿಗೆ ಹರಕೆ ಹೊತ್ತವರು ನಮ್ಮ ದಾವಣಗೆರೆಯಿಂದಲೂ ಹೋಗುತ್ತಾರೆ. ಅವರಿಗೆ ಕೊಡಲೆಂದು ವೋಟಿವ್, ಅಂದರೆ ಹರಕೆಗೆ ಹಚ್ಚುವ ಪುಟ್ಟ ಕ್ಯಾಂಡಲ್ ಮಾಡುವ ಕಿಟ್ ಆನ್‌ಲೈನಿನಲ್ಲಿ ತರಿಸಿದೆ. 12 ಲೋಹದ ಅಚ್ಚು, ಬತ್ತಿಗೆ ತೂತು ಬಿಡುವ ಪಿನ್ನುಗಳು, ಥರ್ಮಾಮೀಟರ್, 600 ಗ್ರಾಂ ಪ್ಯಾರಾಫಿನ್ ಮೇಣ, ಒಂದು ಹಾಳೆ ಸೂಚನೆ.

ಇದೇ ಕಿಟ್ ತರಿಸಿದ್ದ ಪಕ್ಕದ ಮನೆ ಅಕ್ಕ, "ಮೇಣದಾಗೇ ಏನೋ ಕಲಬೆರಕೆ ಐತಿ ನೋಡವ್ವ, ನಡುವೆ ಬರೀ ಪೊಳ್ಳು" ಅಂತ ಬೈಯುತ್ತಿದ್ದರು. ಮೇಣದ್ದೇನೂ ತಪ್ಪಿಲ್ಲ. ಪ್ಯಾರಾಫಿನ್ ಗಟ್ಟಿಯಾಗುವಾಗ ಶೇ. 10ರಷ್ಟಾದರೂ ಕುಗ್ಗುತ್ತದೆ. ಲೋಹಕ್ಕೆ ತಾಗಿದ ಅಂಚು, ಗಾಳಿಗೆ ತೆರೆದ ಮೇಲ್ಭಾಗ ಮೊದಲು ಬಿಗಿಯುತ್ತವೆ. ಒಳಗಿನದು ಕೊನೆಗೆ ಗಟ್ಟಿಯಾಗುತ್ತಾ ಅಂಚಿನ ಕಡೆಗೇ ಎಳೆದುಕೊಂಡು, ಬತ್ತಿಯ ಸುತ್ತ ಟೊಳ್ಳು ಬಿಡುತ್ತದೆ. ಮೇಲೆ ಕೆನೆ ಕಟ್ಟಿದಂತೆ ನುಣ್ಣಗೆ ಕಾಣುವುದರಿಂದ ಹಚ್ಚುವವರೆಗೆ ಗೊತ್ತಾಗುವುದೇ ಇಲ್ಲ. ಉರಿ ಆ ಟೊಳ್ಳಿಗೆ ಇಳಿದಾಗ ಕರಗಿದ ಮೇಣವೆಲ್ಲ ಒಳಗೆ ಹರಿದು ಬತ್ತಿ ಮುಳುಗುತ್ತದೆ, ಕ್ಯಾಂಡಲ್ ಆರಿಹೋಗುತ್ತದೆ.

ಇದಕ್ಕೆ ಮದ್ದು ಎರಡನೇ ಸುರಿತ. ಕಿಟ್ ಕಂಪನಿಯವರು ಸೂಚನೆಯಲ್ಲಿ ಅದರ ಸುದ್ದಿಯನ್ನೇ ಎತ್ತಿಲ್ಲ. ಮೇಣವನ್ನೂ ಅಚ್ಚಿಗೆ 50 ಗ್ರಾಂ ಲೆಕ್ಕ ಹಿಡಿದು, ಮೊದಲ ಸುರಿತಕ್ಕೇ ಮುಗಿಯುವಂತೆ ಕೊಟ್ಟಿದ್ದಾರೆ. ನನ್ನ ನಿಜವಾದ ತಕರಾರು ಇದು. ಕುಗ್ಗಿದ ಜಾಗ ತುಂಬಲು ಏನಿಲ್ಲವೆಂದರೂ ಇನ್ನೊಂದು 100 ಗ್ರಾಂ ಕೈಯಲ್ಲಿರಬೇಕು. ಮಂಡಿಪೇಟೆಯಲ್ಲಿ ವಿಚಾರಿಸಿ ಬೇರೆ ಪ್ಯಾರಾಫಿನ್ ತಂದುಕೊಂಡೆ.

ಈಗ ಮಾಡುವ ಕ್ರಮ ಹೀಗೆ. ಮೇಣದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, 75ರಿಂದ 80 ಡಿಗ್ರಿಯಲ್ಲಿ ಸುರಿಯುತ್ತೇನೆ. ನೇರ ಉರಿ ಮೇಲೆ ಇಡುವುದು ಬೇಡವೇ ಬೇಡ. ಅಚ್ಚನ್ನು ಮೊದಲೇ ಬೆಚ್ಚಗೆ ಮಾಡಿರಬೇಕು. ತಣ್ಣನೆಯ ಲೋಹಕ್ಕೆ ಸುರಿದರೆ ಮೈಮೇಲೆಲ್ಲ ಸಣ್ಣ ಗುಳ್ಳೆ ಏಳುತ್ತವೆ (ಇದು ಬೇರೆ ರೋಗ, ನಡುವಿನ ಟೊಳ್ಳಿಗೂ ಇದಕ್ಕೂ ಸಂಬಂಧ ಇಲ್ಲ). ನಿಧಾನಕ್ಕೆ ಸುರಿದು, ಅಚ್ಚಿನ ಪಕ್ಕಕ್ಕೆ ಚಮಚದಿಂದ ಎರಡು ತಟ್ಟು. ಫ್ಯಾನ್ ಬಂದ್. ದಾವಣಗೆರೆ ಸೆಕೆಯಲ್ಲಿ ಅದು ಹಿಂಸೆಯೇ, ಆದರೆ ಗಾಳಿ ಬಡಿದರೆ ಮೇಲ್ಭಾಗ ಬೇಗ ಮುಚ್ಚಿ ಟೊಳ್ಳು ಒಳಗೇ ಉಳಿಯುತ್ತದೆ.

ಮೇಲೆ ಪದರ ಕಟ್ಟಿದ ಮೇಲೆ, ಪಿನ್ನಿನ ಸುತ್ತ ಸ್ವೆಟರ್ ಹೆಣೆಯುವ ಕಡ್ಡಿಯಿಂದ ಮೂರ್ನಾಲ್ಕು ಕಡೆ ಆಳಕ್ಕೆ ಚುಚ್ಚುತ್ತೇನೆ. ಪೂರ್ತಿ ಗಟ್ಟಿಯಾದ ನಂತರ ಮೊದಲಿಗಿಂತ ಐದು ಡಿಗ್ರಿ ಹೆಚ್ಚು ಬಿಸಿಯ ಮೇಣದಿಂದ ತುಂಬಿಸುತ್ತೇನೆ. ಮೊದಲ ಸುರಿತದ ಗೆರೆ ದಾಟಬಾರದು. ದಾಟಿದರೆ ಬಿಸಿ ಮೇಣ ಅಚ್ಚಿಗೂ ಕ್ಯಾಂಡಲಿಗೂ ನಡುವೆ ಇಳಿದು, ಬಿಡಿಸುವಾಗ ಜೀವ ತಿನ್ನುತ್ತದೆ.

ಥರ್ಮಾಮೀಟರ್ ಒಳ್ಳೆಯದಿದೆ. ಕುದಿಯುವ ನೀರಿನಲ್ಲಿ 98 ತೋರಿಸಿತು. ಸಮುದ್ರ ಮಟ್ಟದಿಂದ 600 ಮೀಟರ್ ಆಸುಪಾಸಿನ ನಮ್ಮೂರಿನಲ್ಲಿ ನೀರು ಅಷ್ಟಕ್ಕೇ ಕುದಿಯುವುದು, ಹಾಗಾಗಿ ಅದೇ ಸರಿ. ಅಚ್ಚುಗಳಂತೂ ಗಟ್ಟಿಮುಟ್ಟು, ಜೋಡಣೆಯಲ್ಲಿ ಸೋರಿಲ್ಲ. ಡಬ್ಬದ ಚಿತ್ರ ಮಾತ್ರ ಅಪಾಯದ್ದು: ಕ್ಯಾಂಡಲನ್ನು ಬರೀ ತಟ್ಟೆಯ ಮೇಲೆ ಹಚ್ಚಿಟ್ಟಿದ್ದಾರೆ. ವೋಟಿವ್ ಪೂರ್ತಿ ಕರಗಿ ನೀರಾಗುವ ಜಾತಿ, ಬಿಗಿಯಾಗಿ ಕೂರುವ ಗಾಜಿನ ಲೋಟದೊಳಗೇ ಉರಿಸಬೇಕು.

ಅಚ್ಚು, ಪಿನ್ನು ಮಾತ್ರ ಬಿಡಿಯಾಗಿ ಸಿಕ್ಕರೆ ತಗೊಳ್ಳಿ. ಇಡೀ ಕಿಟ್ಟೇ ಬೇಕೆಂದರೆ ಜೊತೆಗೆ ಕಾಲು ಕೆಜಿ ಮೇಣ ತಂದಿಟ್ಟುಕೊಂಡೇ ಒಲೆ ಹಚ್ಚಿ.