ಬ್ಯೂಟೇನ್ ಕ್ಯಾನ್ ಸ್ಟೌ: ಬೇಸಿಗೆಯ ಮಲೆನಾಡಿಗೆ ಒಗ್ಗುತ್ತದೆಯೇ?

ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬರುವ, ಪಕ್ಕದಲ್ಲಿ ಕ್ಯಾನ್ ಅಡ್ಡಡ್ಡ ಕೂರಿಸುವ ಒಂಟಿ ಬರ್ನರ್ ಸ್ಟೌ ಇದು. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟ, ಹೋಂಸ್ಟೇಗಳ ಅಂಗಳದಲ್ಲಿ ಅಡುಗೆ ಮಾಡುವವರಿಗೆ ಮೂರು ಕಲ್ಲಿನ ಒಲೆ ಬಿಟ್ಟು ಇದನ್ನೇ ಕೊಳ್ಳಿ ಎನ್ನುತ್ತೇವೆ. ಸೌದೆ ಒಲೆ ಆರಿತೆಂದು ಎಲ್ಲರೂ ಮಲಗಿದ ಮೇಲೂ ಬೂದಿಯಡಿ ಕೆಂಡ ಬೆಳಗಿನತನಕ ಉಳಿದಿರುತ್ತದೆ. ಬಿಸಿಲೇರಿ ಗಾಳಿ ಎದ್ದಾಗ ಅದರ ಕಿಡಿ ತರಗೆಲೆಗೆ ಬೀಳುತ್ತದೆ. ಇಲ್ಲಿ ಕಿಡಿಯೂ ಇಲ್ಲ, ಕೆಂಡವೂ ಇಲ್ಲ. ನಾಬ್ ತಿರುಗಿಸಿದರೆ ಬೆಂಕಿ ಅಲ್ಲಿಗೇ ಮುಗಿಯಿತು.

ಹಾಗಂತ ಹುಲ್ಲಿನ ಮೇಲಿಟ್ಟು ಹಚ್ಚುವಂತಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದ ದಿನಗಳಲ್ಲೇ ಯಲಹಂಕದ ವೈಮಾನಿಕ ಪ್ರದರ್ಶನದ ಪಾರ್ಕಿಂಗ್ ಮೈದಾನದಲ್ಲಿ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರುಗಳು ಸುಟ್ಟುಹೋದವು. ಸುತ್ತ ಎರಡು ಮೀಟರ್ ಮಣ್ಣು ಕಾಣುವಂತೆ ಗುಡಿಸಿ, ಸ್ಟೌ ಅನ್ನು ಸಮತಟ್ಟಾದ ಚಪ್ಪಡಿಯ ಮೇಲಿಡಿ. ಒಂದು ಬಕೆಟ್ ನೀರು, ಒಂದು ಒದ್ದೆ ಗೋಣಿಚೀಲ ಕೈಗೆಟಕುವಲ್ಲಿರಲಿ.

ಪಾತ್ರೆ ಇಡುವ ಸ್ಟ್ಯಾಂಡ್ ಪೆಟ್ಟಿಗೆಯಲ್ಲಿ ಹಿಡಿಯಲೆಂದು ಅನೇಕ ಮಾದರಿಗಳಲ್ಲಿ ಮಗುಚಿ ಇಟ್ಟಿರುತ್ತಾರೆ. ಅದನ್ನು ನೆಟ್ಟಗೆ ತಿರುಗಿಸದೆ ಹಚ್ಚಿದರೆ ಪಾತ್ರೆ ಬರ್ನರ್‌ಗೆ ಒತ್ತಿಕೊಂಡು ಜ್ವಾಲೆ ಪಕ್ಕಕ್ಕೆ, ಕ್ಯಾನ್ ಇರುವ ಕಡೆಗೂ, ಚಾಚುತ್ತದೆ. ಕ್ಯಾನಿನ ಕುತ್ತಿಗೆಯಲ್ಲಿರುವ ಕಚ್ಚು ಸ್ಟೌನ ನಾಲಿಗೆಗೆ ಸರಿಯಾಗಿ ಕೂರಬೇಕು. ಕ್ಯಾನ್ ಬಿಗಿಯುವ ಲಿವರ್ ಒತ್ತಿದ ಮೇಲೆ, ಹಚ್ಚುವ ಮೊದಲು, ಜೋಡಣೆಗೆ ಸೋಪಿನ ನೀರು ಸವರಿ ನೋಡಿ. ಗುಳ್ಳೆ ಎದ್ದರೆ ಕ್ಯಾನ್ ತೆಗೆದುಬಿಡಿ.

ಇದರ ದೊಡ್ಡ ಕೊರತೆ ಗಾಳಿ. ಗುಡ್ಡದ ನೆತ್ತಿಯಲ್ಲಿ ಜ್ವಾಲೆ ಓಲಾಡುತ್ತದೆ, ನೀರು ಕಾಯುವುದೇ ಇಲ್ಲ. ಆಗ ಸುತ್ತ ತಗಡು ಕಟ್ಟುವವರಿದ್ದಾರೆ, ದಯವಿಟ್ಟು ಬೇಡ! ಶಾಖ ಒಳಗೇ ತಿರುಗಿ ಕ್ಯಾನ್ ಬಿಸಿಯಾಗುತ್ತದೆ, ಒತ್ತಡ ಏರುತ್ತದೆ. ಕ್ಯಾನಿನ ಮೇಲಕ್ಕೆ ಚಾಚುವ ಅಗಲ ತವಾ, ಬಿರಿಯಾನಿ ಹಂಡೆ ಇಟ್ಟರೂ ಇದೇ ಅಪಾಯ. ಒಳ್ಳೆಯ ಮಾದರಿಯಲ್ಲಿ ಒತ್ತಡ ಏರಿದರೆ ಲಿವರ್ ತಾನೇ ಮೇಲೆದ್ದು ಗ್ಯಾಸ್ ನಿಲ್ಲುತ್ತದೆ. ಈ ಸೌಲಭ್ಯ ಇಲ್ಲದ್ದನ್ನು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಲಿವರ್ ಎದ್ದರೆ ಬಲವಂತವಾಗಿ ಒತ್ತಬೇಡಿ, ಕ್ಯಾನ್ ತಣ್ಣಗಾಗಲಿ.

ಸುಮಾರು 220 ಗ್ರಾಂ ಕ್ಯಾನ್ ದೊಡ್ಡ ಉರಿಯಲ್ಲಿ ಒಂದೂವರೆ ಗಂಟೆಯ ಆಸುಪಾಸು ಬರುತ್ತದೆ. ನಾಲ್ವರಿಗೆ ಅನ್ನ, ಸಾರು, ಎರಡು ಸಲ ಕಾಫಿಗೆ ಸಾಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಕ್ಯಾನ್ ಬಿಡಬೇಡಿ. ರೈಲಿನಲ್ಲಿ ಒಯ್ಯುವಂತೆಯೇ ಇಲ್ಲ.

ಇದು ಕಾಡೊಳಗೆ ಅಡುಗೆ ಮಾಡಲು ಪರವಾನಗಿಯಲ್ಲ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು, ಉರಿಯಲು ಬಿಟ್ಟು ಹೋಗುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 30ನೇ ಕಲಮಿನಡಿ ನಿಷಿದ್ಧ. ಚಾರಣಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಸ್ಟೌ ಹೋಂಸ್ಟೇಯಲ್ಲೇ ಇರಲಿ. ಖಾಲಿ ಕ್ಯಾನ್ ವಾಪಸ್ ತನ್ನಿ. ತಳದಲ್ಲಿ ಚೂರು ಗ್ಯಾಸ್ ಉಳಿದೇ ಇರುತ್ತದೆ, ತೋಟದ ಕಸ ಸುಡುವಾಗ ಅದು ಸಿಡಿದು ಬೆಂಕಿಯನ್ನು ಬೇಲಿಯಾಚೆಗೆ ಎಸೆಯುತ್ತದೆ.