ಚಾಲಿಯೋ ಕೋಕಾವೋ: ಬಾಯಿಪಾಠ ಬಿಡಿಸುವ ನಾಲ್ಕು ವಿಧಾನಗಳ ಹೋಲಿಕೆ

ಶಿರಸಿಯ ನಮ್ಮ ಮನೆಯ ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಚಾಲಿ (ಒಳ್ಳೆಯ ದರ್ಜೆ), ಬಿಳಿಗೋಟು (ನಡುವಿನದು), ಕೋಕಾ (ಕಪ್ಪಾದ ಕೀಳು ದರ್ಜೆ) ಎಂದು ವಿಂಗಡಿಸಲು, ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ ಆದ ಪುಟ್ಟ ನ್ಯೂರಲ್ ನೆಟ್‌ವರ್ಕ್ ಒಂದಕ್ಕೆ ತರಬೇತಿ ಕೊಟ್ಟೆ. ಕೈಯಲ್ಲಿದ್ದದ್ದು ಮೊಬೈಲಿನಲ್ಲಿ ತೆಗೆದ ಸುಮಾರು 900 ಚಿತ್ರಗಳು. ಅದು ಅವನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಹೊಸ ಚೀಲದ ಅಡಿಕೆ ಕಂಡೊಡನೆ ತಡವರಿಸಿತು. ಈ ಚಟ ಬಿಡಿಸಲು ಪ್ರಯತ್ನಿಸಿದ ನಾಲ್ಕು ವಿಧಾನಗಳಲ್ಲಿ ನನ್ನ ಒಲವು ಡೇಟಾ ಆಗ್ಮೆಂಟೇಶನ್ ಕಡೆಗೇ, ಅಂದರೆ ಇರುವ ಚಿತ್ರಗಳನ್ನೇ ತುಸು ಬದಲಿಸಿ ಮತ್ತೆ ಮತ್ತೆ ತೋರಿಸುವುದು. ಅತಿ ಹೆಚ್ಚು ಕಾಡಿದ್ದೂ ಅದೇ.

ಅಡಿಕೆ ಅಂಗಳದಲ್ಲಿ ಹೇಗೆ ಬಿದ್ದರೂ ಅದರ ದರ್ಜೆ ಬದಲಾಗದು. ಆದ್ದರಿಂದ ಚಿತ್ರವನ್ನು ತಿರುಗಿಸಿ, ಮಗುಚಿ ತೋರಿಸಿದರೆ ಖರ್ಚಿಲ್ಲದೆ ಹೊಸ ಪಾಠ ಸಿಕ್ಕಂತೆ. ಆದರೆ ನಾನು ಎತ್ತಿಕೊಂಡ ಸಿದ್ಧ ಕೋಡಿನಲ್ಲಿ ಬಣ್ಣ ಕದಡುವ ಕಲರ್ ಜಿಟರ್ ಕೂಡ ಸೇರಿತ್ತು. ಬೆಕ್ಕು, ನಾಯಿ ಗುರುತಿಸುವವರಿಗೆ ಅದು ಸರಿಯೇ, ಏಕೆಂದರೆ ಬಣ್ಣ ಬದಲಾದರೂ ಬೆಕ್ಕು ಬೆಕ್ಕೇ.

ಅಡಿಕೆಯಲ್ಲಿ ಬಣ್ಣ ನೋಡಿಯೇ ದರ ಕಟ್ಟುತ್ತಾರೆ. ಒಳ್ಳೆಯ ಚಾಲಿಯ ಚಿತ್ರಕ್ಕೆ ಕಪ್ಪು ಬಳಿದು, ಅದರ ಮೇಲೆ ಚಾಲಿಯೆಂದೇ ಚೀಟಿ ಅಂಟಿಸಿ, ನಾನೇ ಸುಳ್ಳು ಕಲಿಸುತ್ತಿದ್ದೆ. ಗಂಟೆಯ ಬಾಡಿಗೆಗೆ ಪಡೆದ ಜಿಪಿಯು (ಇಂಥ ತರಬೇತಿಯ ಲೆಕ್ಕ ವೇಗವಾಗಿ ಮಾಡುವ ಚಿಪ್) ಮೇಲೆ ಮೂರು ರಾತ್ರಿ ಕಳೆದ ಬಳಿಕ, ತಿದ್ದಲ್ಪಟ್ಟ ಚಿತ್ರಗಳನ್ನು ಪರದೆಯ ಮೇಲೆ ಹರಡಿ ನೋಡುತ್ತಿದ್ದಾಗ, ಹಿಂದಿನಿಂದ ಬಂದ ಅಮ್ಮ ಅರ್ಧಕ್ಕರ್ಧ ಕೋಕಾ ಎಂದಳು. ಅದೇ ದಿನ ವರ್ಣ ಬದಲಿಸುವ ಸಾಲನ್ನು ಅಳಿಸಿ, ಬೆಳಕಿನ ಏರಿಳಿತವನ್ನು ಮಾತ್ರ ಅಲ್ಪ ಪ್ರಮಾಣದಲ್ಲಿ ಉಳಿಸಿಕೊಂಡೆ. ಮೋಡ-ಬಿಸಿಲಿನ ವ್ಯತ್ಯಾಸ ಅಂಗಳದಲ್ಲಿ ಇದ್ದೇ ಇರುತ್ತದೆ.

2014ರ ಪ್ರಬಂಧದಿಂದ ಹೆಸರಾದ ಡ್ರಾಪ್‌ಔಟ್, ತರಬೇತಿಯ ಪ್ರತಿ ಹೆಜ್ಜೆಯಲ್ಲೂ ನೆಟ್‌ವರ್ಕ್‌ನ ಪುಟ್ಟ ಲೆಕ್ಕದ ಘಟಕಗಳಾದ ನ್ಯೂರಾನ್‌ಗಳಲ್ಲಿ ಕೆಲವನ್ನು ಯಾದೃಚ್ಛಿಕವಾಗಿ ಮಲಗಿಸುತ್ತದೆ. ನನ್ನಲ್ಲಿ ಕಲಿಕೆ ನಿಧಾನವಾಗಿ ಬಾಡಿಗೆ ಏರಿತು, ಲಾಭ ಕಾಣಲಿಲ್ಲ. ಪರೀಕ್ಷೆಯ ವೇಳೆ ಅದನ್ನು ನಿಲ್ಲಿಸಲು ಮರೆತಾಗ ಒಂದೇ ಅಡಿಕೆಗೆ ಎರಡು ಉತ್ತರ ಬಂದದ್ದು ನನ್ನದೇ ತಪ್ಪು.

ವೇಟ್ ಡಿಕೇ, ನೆಟ್‌ವರ್ಕ್ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳಾದ ತೂಕಗಳನ್ನು ಹೆಜ್ಜೆಹೆಜ್ಜೆಗೂ ತುಸು ಕುಗ್ಗಿಸುತ್ತದೆ. ತೂಕಗಳನ್ನು ತಿದ್ದುವ ವಿಧಾನವಾದ ಸಾಮಾನ್ಯ ಆಡಮ್‌ನಲ್ಲಿ ಈ ದಂಡ, ಪ್ರತಿ ತೂಕವನ್ನು ಯಾವ ಕಡೆಗೆ ಎಷ್ಟು ತಿದ್ದಬೇಕೆಂದು ಹೇಳುವ ಗ್ರೇಡಿಯಂಟ್‌ನೊಳಗೆ ಬೆರೆತು, ಗ್ರೇಡಿಯಂಟ್ ದೊಡ್ಡದಿರುವ ತೂಕಗಳಿಗೆ ಕಡಿಮೆ ತಾಗುತ್ತದೆ. ಅದರ ತಿದ್ದಿದ ರೂಪವಾದ ಆಡಮ್‌ಡಬ್ಲ್ಯೂ ಈ ದಂಡವನ್ನು ಬೇರ್ಪಡಿಸುತ್ತದೆ. ದಂಡದ ಪ್ರಮಾಣಕ್ಕೆ, ನಾನು ಬಳಸಿದ ತಂತ್ರಾಂಶ ಪೈಟಾರ್ಚ್ ತಾನಾಗಿ ಕೊಡುವ 0.01 ಅನ್ನೇ ಇಟ್ಟುಕೊಂಡೆ.

ಅರ್ಲಿ ಸ್ಟಾಪಿಂಗ್, ಅಂದರೆ ಪರೀಕ್ಷೆಯ ಚಿತ್ರಗಳಲ್ಲಿ ಸುಧಾರಣೆ ನಿಂತೊಡನೆ ತರಬೇತಿ ನಿಲ್ಲಿಸುವುದು, ಹಣ ಉಳಿಸಿತು. ಆದರೆ ಆ ಚಿತ್ರಗಳು ಬೇರೆ ಚೀಲದವೇ ಆಗಿರಬೇಕು. ಒಂದೇ ಅಡಿಕೆಯ ಎರಡು ಮಗ್ಗುಲು ತರಬೇತಿ, ಪರೀಕ್ಷೆ ಎರಡೂ ಕಡೆ ಸೇರಿಕೊಂಡರೆ ತರಬೇತಿ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ದೊಡ್ಡ ನೆಟ್‌ವರ್ಕ್ ಮತ್ತು ಸ್ವಂತ ಜಿಪಿಯು ಇರುವವರು ಡ್ರಾಪ್‌ಔಟ್‌ಗೆ ಇನ್ನೊಂದು ಅವಕಾಶ ಕೊಡಬಹುದು. ಮಳೆಗಾಲದಲ್ಲಿ ಕರೆಂಟು ಇದ್ದಷ್ಟು ಹೊತ್ತು ಮಾತ್ರ ಕೂರುವ ನಾನು, ತಿರುಗಿಸುವುದು, ಮಗುಚುವುದು, ಆಡಮ್‌ಡಬ್ಲ್ಯೂ, ಬೇಗ ನಿಲ್ಲಿಸುವುದು ಇಷ್ಟರಲ್ಲೇ ಇದ್ದೇನೆ.