ನಾಲ್ಕು ಮಳೆಗಾಲ ಕಂಡ ಸಾಂಬಾ: ಪುಣೆಯ ಡಿಟಿಪಿ ಅಂಗಡಿಯೊಂದರ ಬಳಕೆದಾರರ ವಿಮರ್ಶೆ

ಜಾಗ: ನಾರಾಯಣ ಪೇಠ, ಪುಣೆ. ಕೆಲಸ: ಕನ್ನಡ, ಮರಾಠಿ ಡಿಟಿಪಿ, ಲಗ್ನಪತ್ರಿಕೆ, ಸಂಘಗಳ ಸ್ಮರಣ ಸಂಚಿಕೆ. ಯಂತ್ರಗಳು: ಡೆಬಿಯನ್ ಲಿನಕ್ಸ್ ಹಾಕಿದ ಸರ್ವರ್ ಒಂದು, ಲಿನಕ್ಸ್ ಐದು, ವಿಂಡೋಸ್ ಎರಡು, ಮ್ಯಾಕ್ ಒಂದು. ಬಳಕೆ: ನಾಲ್ಕು ವರ್ಷ ದಾಟಿದೆ. ಅಂಕ: ಐದಕ್ಕೆ ನಾಲ್ಕು.

ಒಂದು ಅಂಕ ಕಡಿದದ್ದು ಒಂದೇ ಕಾರಣಕ್ಕೆ. ಕೆಟ್ಟಾಗ ಸಾಂಬಾ (ಸರ್ವರಿನ ಫೋಲ್ಡರುಗಳನ್ನು ಎಲ್ಲ ಯಂತ್ರಗಳಿಗೂ ಹಂಚುವ ತಂತ್ರಾಂಶ) ಆಡುವ ಮಾತಿಗೂ ಕೆಟ್ಟಿರುವ ಜಾಗಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಸರ್ವರ್ ಪಕ್ಕದಲ್ಲೇ ಗುಂಯ್‌ಗುಡುತ್ತಿರುವಾಗ 'ಹೋಸ್ಟ್ ಈಸ್ ಡೌನ್' ಎನ್ನುತ್ತದೆ. 'ಪರ್ಮಿಷನ್ ಡಿನೈಡ್' ಎಂಬ ಒಂದೇ ಮಾತಿನ ಹಿಂದೆ ಮೂರು ನಾಲ್ಕು ರೋಗ ಅಡಗಿರುತ್ತವೆ. ಈ ವಿಮರ್ಶೆಯ ಬಹುಪಾಲು ಆ ಮಾತುಗಳನ್ನು ಬಿಡಿಸುವುದಕ್ಕೇ ಹೋಗಿದೆ.

ಹೊಸಬರಿಗೆ ಎರಡು ಮಾತು. ವಿಂಡೋಸ್ ಕಂಪ್ಯೂಟರುಗಳು ಫೋಲ್ಡರ್ ಹಂಚಿಕೊಳ್ಳುವ ಎಸ್‌ಎಂಬಿ ಎಂಬ ಭಾಷೆಯನ್ನು ಲಿನಕ್ಸ್‌ಗೆ ಕಲಿಸುವುದು ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರ ಹೊತ್ತಿಗೆ ಶುರುಮಾಡಿದ್ದು. ಎಸ್, ಎಂ, ಬಿ ಇದೇ ಕ್ರಮದಲ್ಲಿ ಬರುವ ಪದವನ್ನು ಇಂಗ್ಲಿಷ್ ಪದಪಟ್ಟಿಯಲ್ಲಿ ಜಾಲಾಡಿದಾಗ ಸಿಕ್ಕ ಹೆಸರಿದು. ನಮ್ಮ ಕಿವಿಗೆ ಸಾಂಬಸದಾಶಿವ ಎಂದು ಕೇಳಿಸಿದರೆ ಅದು ಅವರ ತಪ್ಪಲ್ಲ. ಫೋಲ್ಡರ್ ಹಂಚುವ ಇನ್ನೊಂದು ವಿಧಾನವಾದ, ಇದರ ದಾಯಾದಿ ಎನ್‌ಎಫ್‌ಎಸ್, ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ತಂದದ್ದು. ಅದರ ಸುದ್ದಿ ಕೊನೆಗೆ.

ಸರ್ವರ್ ಎಂದರೆ ದೊಡ್ಡದೇನಲ್ಲ: 8 ಜಿಬಿ ಮೆಮೊರಿಯ ಹಳೆ ಡೆಸ್ಕ್‌ಟಾಪ್, ಒಂದೇ ಅಳತೆಯ ಎರಡು ಹಾರ್ಡ್‌ಡಿಸ್ಕ್, ಗಿಗಾಬಿಟ್ ಸ್ವಿಚ್. ಇಷ್ಟರಲ್ಲೇ ದೊಡ್ಡ ಫೈಲೊಂದರ ಕಾಪಿ ಸೆಕೆಂಡಿಗೆ 110 ಎಂಬಿ ಆಸುಪಾಸು ಓಡಬೇಕು. ಗಿಗಾಬಿಟ್‌ನ ಲೆಕ್ಕದ ಮಿತಿಯೇ 125. ಅದು 11ಕ್ಕೆ ಬಂದು ನಿಂತರೆ ಸಾಂಬಾದ ಸೆಟ್ಟಿಂಗ್ ಕೆದಕಬೇಡಿ, ಅದು 100 ಮೆಗಾಬಿಟ್ ಲಿಂಕಿನ ವೇಗ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಒಂದು ಎಳೆ ತುಂಡಾದರೆ, ಇಲ್ಲವೇ ಜುಲೈ ತಿಂಗಳ ತೇವಕ್ಕೆ ಪ್ಲಗ್ಗಿನ ಪಿನ್ ಕಪ್ಪಾದರೆ ಲಿಂಕ್ ಸದ್ದಿಲ್ಲದೆ ಕೆಳಗಿಳಿಯುತ್ತದೆ. 'ಈಥ್‌ಟೂಲ್' ಕಮಾಂಡ್ ಕೊಟ್ಟು ಸ್ಪೀಡ್ ಸಾಲು ನೋಡಿ. 1000 ಇರಬೇಕಾದಲ್ಲಿ 100 ಇದ್ದರೆ ತಾಪ್ಕೀರ್ ಗಲ್ಲಿಯಿಂದ ಹೊಸ ಕ್ಯಾಟ್ 6 ಕೇಬಲ್ ತಂದು ಹಾಕಿ ನೋಡಿ. ಸಣ್ಣ ಫೈಲುಗಳು ಸಾವಿರಗಟ್ಟಲೆ ಇದ್ದರೆ ಮಾತ್ರ ನಿಧಾನಕ್ಕೆ ಕಾರಣ ಬೇರೆ. ಒಂದೊಂದಕ್ಕೂ ತೆರೆ, ಬರೆ, ಮುಚ್ಚು ಎಂದು ಹೋಗಿಬರುವ ಮಾತುಕತೆಯೇ ಹೊತ್ತು ತಿನ್ನುತ್ತದೆ. ಫಾಂಟ್ ಫೋಲ್ಡರುಗಳನ್ನು ಟಾರ್ ಮಾಡಿ ಒಂದೇ ಗಂಟಾಗಿ ಕಳಿಸುವುದು ಮೇಲು.

ಸೆಟ್ಟಿಂಗ್ ಎಲ್ಲ 'ಎಸ್‌ಎಂಬಿ ಡಾಟ್ ಕಾನ್ಫ್' ಎಂಬ ಒಂದೇ ಫೈಲಿನಲ್ಲಿ. ಬದಲಿಸಿದ ಮೇಲೆ 'ಟೆಸ್ಟ್‌ಪಾರ್ಮ್' ಓಡಿಸಿದರೆ ಕಾಗುಣಿತದ ತಪ್ಪು ಅಲ್ಲೇ ಸಿಗುತ್ತದೆ. ಹೆಚ್ಚಿನವರು ಮುಗ್ಗರಿಸುವುದು ಇದಾದ ಮೇಲೆ. ಸಾಂಬಾ ಹಂಚಿಕೆಗೆ ಬಾಗಿಲು ಎರಡು. 'ವ್ಯಾಲಿಡ್ ಯೂಸರ್ಸ್', 'ರೀಡ್ ಓನ್ಲಿ' ಸಾಲುಗಳು ಹೊರಬಾಗಿಲು. ಡಿಸ್ಕಿನ ಮೇಲಿರುವ ಫೋಲ್ಡರಿನ ಲಿನಕ್ಸ್ ಅನುಮತಿ ಒಳಬಾಗಿಲು. ಹೊರಗಿನದನ್ನು ಹಾರುಹೊಡೆದರೂ ಒಳಗಿನದು ಹಾಕಿದ್ದರೆ ಫೈಲ್ ಬರೆಯಲಾಗದು. ಆಗ ಸಿಟ್ಟಿಗೆ 'ಚ್‌ಮೋಡ್ 777' ಹೊಡೆಯುವುದು, ಅಂದರೆ ಎಲ್ಲರಿಗೂ ಎಲ್ಲ ಅನುಮತಿ ಕೊಡುವುದು, ಊರಿಗೆಲ್ಲ ಇರುವ ಚಟ. ಅದು ಆ ಹೊತ್ತಿಗೆ ಕೆಲಸ ಮಾಡುತ್ತದೆ. ನಾಳೆ ಒಬ್ಬರು ಹೊಸ ಫೈಲ್ ಮಾಡಿದರೆ ಅದು ಅವರ ಹೆಸರಿನಲ್ಲಿ, 744 ಅನುಮತಿಯಲ್ಲಿ ಹುಟ್ಟುತ್ತದೆ, ಏಕೆಂದರೆ 'ಕ್ರಿಯೇಟ್ ಮಾಸ್ಕ್'ನ ಮೂಲ ಬೆಲೆ ಅದು. ಪಕ್ಕದವರು ಓದಬಹುದು, ತಿದ್ದಲಾಗದು. ಮತ್ತೆ 777.

ನಿಲ್ಲುವ ಪರಿಹಾರ ಇದು: ಅಂಗಡಿಯವರಿಗೆಲ್ಲ ಒಂದು ಲಿನಕ್ಸ್ ಗುಂಪು ಮಾಡಿ, ಫೋಲ್ಡರನ್ನು ಆ ಗುಂಪಿಗೆ ಬರೆದು 2775 ಕೊಡಿ. ಮೊದಲ 2 ಇದೆಯಲ್ಲ, ಒಳಗೆ ಹುಟ್ಟುವ ಪ್ರತಿ ಫೈಲೂ ಆ ಗುಂಪಿನದೇ ಆಗುವಂತೆ ನೋಡಿಕೊಳ್ಳುವುದು ಅದು. ಹಂಚಿಕೆಯ ಭಾಗದಲ್ಲಿ 'ಕ್ರಿಯೇಟ್ ಮಾಸ್ಕ್' 0664, 'ಡೈರೆಕ್ಟರಿ ಮಾಸ್ಕ್' 2775, 'ಫೋರ್ಸ್ ಗ್ರೂಪ್' ಎದುರು ಗುಂಪಿನ ಹೆಸರು. ಇಷ್ಟಾದ ಮೇಲೂ ತೆರೆಯದಿದ್ದರೆ ಹಂಚಿದ ಫೋಲ್ಡರ್ ಯಾರದೋ ಹೋಮ್ ಒಳಗಿದೆಯೇ ನೋಡಿ. ಉಬುಂಟು 21.04ರಿಂದೀಚೆ ಹೊಸ ಹೋಮ್‌ಗಳ ಅನುಮತಿ 750. ಹೊರಗಿನವರು ಹೊಸ್ತಿಲೇ ದಾಟಲಾರರು. 'ನೇಮ್‌ಐ -ಎಲ್' ಮುಂದೆ ಪೂರ್ತಿ ದಾರಿ ಕೊಟ್ಟರೆ ಬೇರಿನಿಂದ ತುದಿಯವರೆಗೆ ಒಂದೊಂದು ಮೆಟ್ಟಿಲಿನ ಅನುಮತಿಯೂ ಸಾಲಾಗಿ ಬರುತ್ತದೆ. ಇದಕ್ಕಿಂತ ಉಪಯುಕ್ತ ಕಮಾಂಡ್ ಈ ಕೆಲಸದಲ್ಲಿ ಇನ್ನೊಂದಿಲ್ಲ, ಆದರೂ ಹೇಳುವವರೇ ಕಡಿಮೆ. ಫೆಡೋರಾ ಲಿನಕ್ಸ್ ಬಳಸುವವರಿಗೆ ಮೂರನೆಯ ಬಾಗಿಲೂ ಇದೆ: ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲು. ಫೋಲ್ಡರಿಗೆ 'ಸಾಂಬಾ ಶೇರ್' ಗುರುತು ಹಚ್ಚದೆ ಅದು ಬಿಡುವುದಿಲ್ಲ.

ಪಾಸ್‌ವರ್ಡಿನ ಗೊಂದಲ ಬೇರೆಯದೇ. ಸಾಂಬಾದ ಪಾಸ್‌ವರ್ಡ್ ಪುಸ್ತಕ ಲಿನಕ್ಸ್‌ನದಲ್ಲ. ಲಿನಕ್ಸ್ ಖಾತೆ ಇದ್ದವರನ್ನೂ 'ಎಸ್‌ಎಂಬಿಪಾಸ್‌ವಡ್ -ಎ' ಕೊಟ್ಟು ಇನ್ನೊಮ್ಮೆ ಸೇರಿಸಬೇಕು. ಯಾರು ಸೇರಿದ್ದಾರೆ ಎಂಬುದನ್ನು 'ಪಿಡಿಬಿಎಡಿಟ್ -ಎಲ್' ತೋರಿಸುತ್ತದೆ, ಇಲ್ಲಿ ಎಲ್ ದೊಡ್ಡದು. ಡೆಬಿಯನ್, ಉಬುಂಟು ಕೊಡುವ ಮೂಲ ಸೆಟ್ಟಿಂಗಿನಲ್ಲಿ 'ಮ್ಯಾಪ್ ಟು ಗೆಸ್ಟ್' ಎದುರು 'ಬ್ಯಾಡ್ ಯೂಸರ್' ಎಂದಿರುತ್ತದೆ. ಇದರ ಅರ್ಥ, ಬಳಕೆದಾರರ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸಾಂಬಾ ತಪ್ಪು ಎನ್ನುವುದಿಲ್ಲ, ಅತಿಥಿ ಎಂದು ತಿಳಿದು ಒಳಗೆ ಕೂರಿಸುತ್ತದೆ. ಆಮೇಲೆ ಯಾವ ಫೋಲ್ಡರೂ ತೆರೆಯುವುದಿಲ್ಲ, ಪಾಸ್‌ವರ್ಡ್ ಸರಿಯಿದೆಯಲ್ಲ ಎಂದು ನಾವು ಬಡಿದಾಡುವುದು. 'ನೆವರ್' ಎಂದು ಬದಲಿಸಿ. ವಿಂಡೋಸ್ 11 ಪ್ರೊ 24ಎಚ್2ರಿಂದ ಸಹಿಯಿಲ್ಲದ ಎಸ್‌ಎಂಬಿ ಸಂಪರ್ಕವನ್ನೇ ಒಪ್ಪದ ಕಾರಣ ಗೆಸ್ಟ್ ಹಂಚಿಕೆಯ ಕಾಲ ಹೇಗೂ ಮುಗಿಯಿತು. ವಿಂಡೋಸ್ 1219 ಎಂಬ ಸಂಖ್ಯೆ ತೋರಿಸಿದರೆ ಒಂದೇ ಸರ್ವರಿಗೆ ಎರಡು ಹೆಸರಿನಲ್ಲಿ ನುಗ್ಗಲು ನೋಡುತ್ತಿದೆ ಎಂದು ತಿಳಿಯಿರಿ. ಹಳೆಯ ಸಂಪರ್ಕಗಳನ್ನು 'ನೆಟ್ ಯೂಸ್' ಮೂಲಕ ಅಳಿಸಿ ಮತ್ತೆ ಒಳಬನ್ನಿ.

ಲಿನಕ್ಸ್ ಕಂಪ್ಯೂಟರುಗಳಲ್ಲಿ ಹಂಚಿಕೆಯನ್ನು ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಜೋಡಿಸಬೇಕಾದವನ್ನು ಸಾಲುಸಾಲಾಗಿ ಬರೆದಿಡುವ ಫೈಲು) ಮೂಲಕ ಮೌಂಟ್ ಮಾಡುವುದೇ, ಅಂದರೆ ಒಂದು ಫೋಲ್ಡರಿಗೆ ಜೋಡಿಸುವುದೇ ವಾಸಿ. ಫೈಲ್ ಮ್ಯಾನೇಜರಿನಲ್ಲಿ ಕ್ಲಿಕ್ ಮಾಡಿ ತೆರೆದ ಹಂಚಿಕೆ ಕೆಲವು ಡಿಟಿಪಿ ತಂತ್ರಾಂಶಗಳಿಗೆ ಕಾಣುವುದೇ ಇಲ್ಲ. 'ಸಿಐಎಫ್‌ಎಸ್-ಯುಟಿಲ್ಸ್' ಹಾಕಿರದಿದ್ದರೆ 'ಬ್ಯಾಡ್ ಆಪ್ಷನ್' ಎಂದು ಉಲ್ಟಾ ಹೊಡೆಯುತ್ತದೆ. ಪಾಸ್‌ವರ್ಡನ್ನು ಆ ಸಾಲಿನಲ್ಲೇ ಬರೆಯಬೇಡಿ. ಅದರಲ್ಲಿ ಅಲ್ಪವಿರಾಮ ಇದ್ದರೆ ಅಲ್ಲಿಗೇ ಮುರಿಯುತ್ತದೆ, ಮೇಲಾಗಿ ಎಲ್ಲರೂ ಓದಬಹುದು. ಬೇರೆ ಫೈಲಿನಲ್ಲಿಟ್ಟು, ಒಡೆಯರಷ್ಟೇ ಓದುವಂತೆ 600 ಅನುಮತಿ ಕೊಟ್ಟು 'ಕ್ರೆಡೆನ್ಶಿಯಲ್ಸ್' ಎಂದು ತೋರಿಸಿ.

ಈಗ ಮೌಂಟ್ ತಪ್ಪಿದಾಗ ಕಾಣುವ ಸಂಖ್ಯೆಗಳು. 13 ಬಂದರೆ ಲಿನಕ್ಸ್ ಬರೆದಿಟ್ಟ ಸಂದೇಶಗಳನ್ನು ತೋರಿಸುವ 'ಡಿಮೆಸೆಜ್' ಓಡಿಸಿ ಕೊನೆಯ ಸಾಲು ಓದಿ: 'ಲಾಗಾನ್ ಫೇಲ್ಯೂರ್' ಎಂದಿದ್ದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು, 'ಆಕ್ಸೆಸ್ ಡಿನೈಡ್' ಎಂದಿದ್ದರೆ ಗುರುತು ಸಿಕ್ಕಿದೆ, ಬಾಗಿಲು ತೆರೆದಿಲ್ಲ. 112, ಅಂದರೆ ಆ 'ಹೋಸ್ಟ್ ಈಸ್ ಡೌನ್', ಬಹುತೇಕ ಎಸ್‌ಎಂಬಿ ಆವೃತ್ತಿ ಹೊಂದದ್ದು. ಸಾಲಿನಲ್ಲಿ ಯಾರೋ ಹಳೆಯ ಕಾಲದಲ್ಲಿ ಬರೆದ 'ವರ್ಸ್ 1.0' ಉಳಿದಿದೆ. 115 ಎಂದರೆ ಮಾತೇ ತಲುಪಿಲ್ಲ: 445ನೇ ಪೋರ್ಟನ್ನು ಫೈರ್‌ವಾಲ್ ಮುಚ್ಚಿದೆ, ಇಲ್ಲವೇ ರೂಟರ್ ಸರ್ವರಿಗೆ ಬೇರೆ ಐಪಿ ಹಂಚಿದೆ. ರೂಟರಿನಲ್ಲಿ ಸರ್ವರಿನ ಐಪಿ ಕಾಯ್ದಿರಿಸಿದರೆ ಅದು ತಪ್ಪುತ್ತದೆ. ಹಳೆಯ ಸ್ಕ್ಯಾನರುಗಳ ಪಾಡು ಮಾತ್ರ ಪಾಪ. ಅವಕ್ಕೆ ಎಸ್‌ಎಂಬಿ 1 ಬಿಟ್ಟು ಬೇರೆ ಬರುವುದಿಲ್ಲ, ಸಾಂಬಾ 2019ರ 4.11ರಿಂದ ಅದನ್ನು ಮೂಲದಲ್ಲೇ ಮುಚ್ಚಿದೆ. ಸ್ಕ್ಯಾನರಿಗಾಗಿ ಮತ್ತೆ ತೆರೆಯಬೇಡಿ, ಎಫ್‌ಟಿಪಿಗೆ ತಿರುಗಿಸಿ.

ಗುರುವಾರ ದುರಸ್ತಿಯ ಹೆಸರಿನಲ್ಲಿ ಕರೆಂಟ್ ಹೋಗುವುದು ಪುಣೆಯವರಿಗೆ ಹೊಸದಲ್ಲ. ಕರೆಂಟ್ ಬಂದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಏಳುತ್ತವೆ, ಡಿಸ್ಕ್ ಪರೀಕ್ಷಿಸುತ್ತ ಕೂತ ಸರ್ವರ್ ಕೊನೆಗೆ. ಸಾಲಿನಲ್ಲಿ 'ನೋಫೇಲ್' ಇಲ್ಲದಿದ್ದರೆ ಕ್ಲೈಂಟ್ ಬೂಟ್ ಆಗುವಾಗಲೇ ಸಿಕ್ಕಿಕೊಳ್ಳಬಹುದು. ಲಿನಕ್ಸ್ ಯಂತ್ರವನ್ನು ಎಬ್ಬಿಸುವ ಸಿಸ್ಟಮ್‌ಡಿಯ ಆಟೋಮೌಂಟ್ ಆಯ್ಕೆ ಸೇರಿಸಿದರೆ ಫೋಲ್ಡರ್ ಮುಟ್ಟಿದಾಗಲಷ್ಟೇ ಜೋಡಣೆಯಾಗುತ್ತದೆ. ಇಲ್ಲೊಂದು ಕಳ್ಳಗುಂಡಿ ಇದೆ. ಆಟೋಮೌಂಟ್ ಇಲ್ಲದೆ ಮೌಂಟ್ ತಪ್ಪಿಹೋದರೆ ಆ ಜಾಗದ ಖಾಲಿ ಫೋಲ್ಡರ್ ಹಾಗೇ ಇರುತ್ತದೆ, ಅದರಲ್ಲಿ ಉಳಿಸಿದ ಕೆಲಸ ಸರ್ವರಿಗೆ ಹೋಗದೆ ಅದೇ ಯಂತ್ರದ ಡಿಸ್ಕಿಗೆ ಬೀಳುತ್ತದೆ. ಸಂಜೆ ಮೌಂಟ್ ಆದ ಮೇಲೆ ಆ ಫೈಲುಗಳು ಮಾಯ, ಮೌಂಟಿನ ಅಡಿಯಲ್ಲಿ ಹೂತಿರುತ್ತವೆ. ಮೌಂಟ್ ಬಿಚ್ಚಿರುವಾಗ ಖಾಲಿ ಫೋಲ್ಡರಿಗೆ 'ಚಾಟ್ರ್ +ಐ' ಕೊಟ್ಟುಬಿಡಿ. ಮೌಂಟ್ ಇಲ್ಲದಿದ್ದರೆ ಬರೆಯಲೇ ಬಿಡುವುದಿಲ್ಲ. ಕರೆಂಟ್ ಹೋದ ಮೇಲೆ ಲಿಬ್ರೆ ಆಫೀಸ್ 'ಇನ್ನೊಬ್ಬರು ತೆರೆದಿದ್ದಾರೆ' ಎಂದು ಹಟ ಹಿಡಿದರೆ ಅದು ಸಾಂಬಾದ ಬೀಗವಲ್ಲ, ಅದೇ ಫೋಲ್ಡರಿನಲ್ಲಿ ಅಡಗಿ ಉಳಿದ, '.~ಲಾಕ್' ಎಂದು ಶುರುವಾಗುವ ಫೈಲು. ನಿಜವಾಗಿ ಯಾರೂ ತೆರೆದಿಲ್ಲವೆಂದು 'ಎಸ್‌ಎಂಬಿಸ್ಟೇಟಸ್' ನೋಡಿ ಖಚಿತ ಮಾಡಿಕೊಂಡು ಅಳಿಸಿ.

ಕನ್ನಡದಲ್ಲಿ ಫೈಲಿನ ಹೆಸರಿಡುವವರಿಗೆ ಬರುವ ತೊಂದರೆ ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗುವುದಿಲ್ಲ. 'ಲಗ್ನಪತ್ರಿಕೆ' ಕಣ್ಣಿಗೆ ಐದಕ್ಷರ. ಯುನಿಕೋಡಿಗೆ ಅದು ಹನ್ನೊಂದು ಸಂಕೇತ, ಒಂದೊಂದಕ್ಕೂ ಯುಟಿಎಫ್-8ರಲ್ಲಿ 3 ಬೈಟ್, ಒಟ್ಟು 33. ಸರ್ವರಿನ ಎಕ್ಸ್‌ಟ್4 ಡಿಸ್ಕಿನಲ್ಲಿ ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದ 85 ಸಂಕೇತ. ಲಗ್ನಪತ್ರಿಕೆ ಎಂದು ಏಳು ಸಲ ಬರೆಯಬಹುದು, ಎಂಟನೆಯದಕ್ಕೆ ಜಾಗವಿಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಇವೇ ಸಂಕೇತಗಳನ್ನು 255ರವರೆಗೆ ಒಪ್ಪುತ್ತದೆ. ಹಾಗಾಗಿ ವಧುವರರ ಹೆಸರು, ಊರು, ತಾರೀಖು, 'ಕೊನೆಯ ತಿದ್ದುಪಡಿ' ಎಲ್ಲ ಸೇರಿಸಿದ ಹೆಸರು ಅಲ್ಲಿ ಚೆನ್ನಾಗಿರುತ್ತದೆ, ಸರ್ವರಿಗೆ ಎಳೆದಾಗ ಬೀಳುತ್ತದೆ. ಹೆಸರು ಮೊಟಕು ಮಾಡುವುದೊಂದೇ ದಾರಿ.

ಮ್ಯಾಕ್ ಇದ್ದರೆ ಇನ್ನೊಂದು. 'ಗಣೇಶೋತ್ಸವ'ದಲ್ಲಿ ಒಂಬತ್ತು ಸಂಕೇತ, 27 ಬೈಟ್. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಅದೇ ಹೆಸರಿನ ಏತ್ವವನ್ನು ಎರಡಾಗಿ, ಓತ್ವವನ್ನು ಮೂರಾಗಿ ಒಡೆದಿಡುತ್ತದೆ: ಹನ್ನೆರಡು ಸಂಕೇತ, 36 ಬೈಟ್. ಅಲ್ಲಿಂದ ಬಂದ ಫೋಲ್ಡರ್ ಸರ್ವರಿನ ಹಳೆಯದರ ಪಕ್ಕದಲ್ಲೇ ಕೂರುತ್ತದೆ. ಎರಡು 'ಗಣೇಶೋತ್ಸವ', ಅಕ್ಷರಕ್ಕೆ ಅಕ್ಷರ ಒಂದೇ, ಒಳಗಿನ ಫೈಲು ಬೇರೆ ಬೇರೆ. 'ಕಾನ್ವ್‌ಎಂವಿ' ತಂತ್ರಾಂಶಕ್ಕೆ 'ಎನ್‌ಎಫ್‌ಸಿ' ಆಯ್ಕೆ ಕೊಟ್ಟರೆ ಒಡೆದದ್ದನ್ನು ಕೂಡಿಸುತ್ತದೆ. 'ನೋಟೆಸ್ಟ್' ಎನ್ನುವವರೆಗೆ ಏನು ಮಾಡುತ್ತೇನೆಂದು ತೋರಿಸುತ್ತದಷ್ಟೇ, ಮುಟ್ಟುವುದಿಲ್ಲ. ಒಳ್ಳೆಯ ಗುಣ. ಎರಡು 'ಬಿಲ್' ಕಂಡರೆ ಅನುಮಾನ ಬೇರೆ ಕಡೆ ಇರಲಿ: ಕೊನೆಯ ಅರ್ಧಾಕ್ಷರದ ಮುಂದೆ ಕೀಬೋರ್ಡ್ ಕಾಣದ ವಿಭಜಕವೊಂದನ್ನು ಸೇರಿಸಿರುತ್ತದೆ. ಹೆಸರುಗಳ ಪಟ್ಟಿಯನ್ನು, ಬೈಟುಗಳನ್ನು ಬಿಡಿಸಿ ತೋರಿಸುವ 'ಎಕ್ಸ್‌ಎಕ್ಸ್‌ಡಿ'ಗೆ ಹಾಯಿಸಿ 'ಇ2 80 8ಸಿ' ಎಂಬ ಮೂರು ಬೈಟ್ ಹುಡುಕಿ. ನುಡಿ, ಬರಹ ಕಾಲದ ಹಳೆ ಫಾಂಟಿನ ಫೈಲು ತೆರೆದಾಗ ಲ್ಯಾಟಿನ್ ಗೀಚು ಬರುವುದನ್ನು ಮಾತ್ರ ದಯವಿಟ್ಟು ಸಾಂಬಾ ತಲೆಗೆ ಕಟ್ಟಬೇಡಿ, ಅದು ಫಾಂಟಿನ ಸಮಸ್ಯೆ.

ಅತಿ ಇಷ್ಟವಾದ ಭಾಗ 'ರಿಸೈಕಲ್' ಮಾಡ್ಯೂಲ್. ಅಳಿಸಿದ ಫೈಲು ಹಂಚಿಕೆಯೊಳಗಿನ ಗುಪ್ತ ಫೋಲ್ಡರಿಗೆ ಹೋಗಿ ಕೂರುತ್ತದೆ. ಫೋಲ್ಡರುಗಳ ಜೋಡಣೆ ಉಳಿಸುವ 'ಕೀಪ್‌ಟ್ರೀ', ಒಂದೇ ಹೆಸರಿನ ಎಲ್ಲ ಪ್ರತಿಗಳನ್ನೂ ಇಡುವ 'ವರ್ಷನ್ಸ್' ಎರಡಕ್ಕೂ ಯೆಸ್ ಕೊಡಿ. 30 ದಿನ ಕಳೆದದ್ದನ್ನು ಕ್ರಾನ್ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ವ್ಯವಸ್ಥೆ) ಮೂಲಕ 'ಫೈಂಡ್ -ಎಂಟೈಮ್' ಬಳಸಿ ಗುಡಿಸುವವರು 'ಟಚ್ ಎಂಟೈಮ್' ಆಯ್ಕೆಯನ್ನೂ ಹಾಕಲೇಬೇಕು. ಇಲ್ಲವಾದರೆ ಫೈಲು ಹಳೆಯ ತಾರೀಖನ್ನೇ ಹೊತ್ತು ಬರುತ್ತದೆ. ಹೋದ ವರ್ಷದ ಸಂಚಿಕೆಯನ್ನು ಇವತ್ತು ತಪ್ಪಿ ಅಳಿಸಿದರೆ ಇವತ್ತು ರಾತ್ರಿಯೇ ಕ್ರಾನ್ ಅದನ್ನು ಮುಗಿಸುತ್ತದೆ.

ಎನ್‌ಎಫ್‌ಎಸ್ ಅನ್ನು ಲಿನಕ್ಸ್ ಯಂತ್ರಗಳ ನಡುವೆ ಮಾತ್ರ ಇಟ್ಟುಕೊಂಡಿದ್ದೇವೆ. ಸೆಟ್ಟಿಂಗ್ ಒಂದೇ ಸಾಲು, ನಾಲ್ಕನೇ ಆವೃತ್ತಿಗೆ 2049 ಪೋರ್ಟೊಂದೇ ಸಾಕು. ಆದರೆ ಆ ಒಂದು ಸಾಲಿನಲ್ಲಿ ಐಪಿಗೂ ಕಂಸಕ್ಕೂ ನಡುವೆ ಖಾಲಿ ಜಾಗ ಬಿಟ್ಟರೆ ಅರ್ಥವೇ ತಿರುಗುತ್ತದೆ: ನಿಮ್ಮ ನೆಟ್‌ವರ್ಕಿಗೆ ಓದಲು ಮಾತ್ರ, ಮಿಕ್ಕ ಲೋಕಕ್ಕೆಲ್ಲ ಬರೆಯುವ ಹಕ್ಕು. ಸರ್ವರ್ ಸತ್ತರೆ ಎನ್‌ಎಫ್‌ಎಸ್ ತಪ್ಪು ಎಂದೂ ಹೇಳುವುದಿಲ್ಲ, ಕಾಯುತ್ತದೆ; ಡಿಸ್ಕಿನ ಜಾಗ ತೋರಿಸುವ 'ಡಿಎಫ್' ಕೊಟ್ಟರೆ ಟರ್ಮಿನಲ್ಲೇ ನಿಂತುಬಿಡುತ್ತದೆ. 'ಸಾಫ್ಟ್' ಆಯ್ಕೆ ಹಾಕಿದರೆ ನಿಲ್ಲುವುದು ತಪ್ಪುತ್ತದೆ, ಅರ್ಧ ಬರೆದ ಫೈಲು ಉಳಿಯುವ ಅಪಾಯ ಬರುತ್ತದೆ. ನಾವು ಕಾಯುತ್ತಲೇ ಇರುವ 'ಹಾರ್ಡ್' ಆಯ್ಕೆಯನ್ನು ಬಿಟ್ಟಿಲ್ಲ. ಮತ್ತೊಂದು, ಸಾದಾ ಎನ್‌ಎಫ್‌ಎಸ್ ಹೆಸರು ನೋಡುವುದಿಲ್ಲ, ಸಂಖ್ಯೆ ನೋಡುತ್ತದೆ. ಎರಡು ಕಂಪ್ಯೂಟರಿನಲ್ಲಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಯುಐಡಿ (ಬಳಕೆದಾರರ ಸಂಖ್ಯೆ) 1000 ಆಗಿದ್ದರೆ ಅದರ ಪಾಲಿಗೆ ಇಬ್ಬರೂ ಒಬ್ಬರೇ. ಖಾತೆ ತೆರೆಯುವಾಗಲೇ ಎಲ್ಲ ಯಂತ್ರಗಳಲ್ಲೂ ಒಂದೇ ಸಂಖ್ಯೆ ಕೊಡಿ. ಇನ್ನು ಒಂದೇ ಫೋಲ್ಡರನ್ನು ಎರಡೂ ದಾರಿಯಿಂದ ಹಂಚಿದರೆ, ಎನ್‌ಎಫ್‌ಎಸ್ ಕಡೆಯಿಂದ ಅಳಿಸಿದ್ದು ಆ ರಿಸೈಕಲ್ ಫೋಲ್ಡರಿಗೆ ಬರುವುದಿಲ್ಲ.